ನೆಟ್ ಹೌಸಿನ ಸಾಸಿವೆ

“ರಂಗಸ್ವಾಮಿ, ಈ ಗಿಡದ ಕಾಯಿ ಎಲ್ಲಿ?” ಹಂಸ ಮೇಡಂ ಸಿಟ್ಟಿನಿಂದ ಕೇಳಿದರು.

“ಗೊತ್ತಿಲ್ಲ ಮೇಡಂ. ಬೀಗದ ಕೈ ನನ್ ಅತ್ರನೇ ಐತೆ,” ಎಂದ ಅಪ್ಪನ ಮುಖ ಸಣ್ಣಗಾಯಿತು. ಅರಕಲಗೂಡಿನ ಹೊರಗೆ ವಿಜ್ಞಾನಿ ಮೇಡಂ ಹೊಸ ತಳಿ ಬೆಳೆಸಿ ನೋಡುವ, ಬಲೆ ಹೊದಿಸಿದ ಆ ನೆಟ್ ಹೌಸಿಗೆ ಅಪ್ಪನೇ ಕಾವಲು.

ಅಪ್ಪನಿಗೆ ಊಟ ತಂದು ಬಾಗಿಲಲ್ಲಿ ನಿಂತಿದ್ದ ಮಗಳು ರೂಪಶ್ರೀ ಬ್ಯಾಗನ್ನು ಬೆನ್ನ ಹಿಂದೆ ಸರಿಸಿದಳು. ಕಾಯಿ ಕಿತ್ತವಳು ಅವಳೇ. ಸಾಸಿವೆಗೆ ಬೇರೆ ಗಿಡದ ಜೀನ್ ಸೇರಿಸಿದ್ದೀವಿ, ಎಣ್ಣೆ ಜಾಸ್ತಿ ಬರುತ್ತಾ ನೋಡಬೇಕು ಎಂದು ಮೇಡಂ ಒಮ್ಮೆ ಹೇಳಿದ್ದರು. ಅಜ್ಜಿಗೂ ಅಂಥ ಬೀಜ ಬೇಡವೇ? ಮೊನ್ನೆ ಇದೇ ಊಟದ ಬ್ಯಾಗಿನಲ್ಲಿ ಕಾಯಿ ಮನೆಗೆ ತಂದು, ಉಜ್ಜಿ ಕಾಳು ಬಿಡಿಸಿ, ಅಜ್ಜಿಯ ಬೀಜದ ಮಡಕೆಗೆ ಸುರಿದಿದ್ದಳು. ಪಾಪ, ಒಳ್ಳೆಯದಕ್ಕೇ ಮಾಡಿದ್ದಳು.

“ಅದು ಹೊರಗೆ ಹೋಗಲೇಬಾರದು,” ಎಂದರು ಮೇಡಂ. “ಹೊಲಕ್ಕೆ ಬಿದ್ರೆ, ಯಾರಾದ್ರೂ ತಿಂದ್ರೆ ಏನಾಗುತ್ತೋ ನಮಗಿನ್ನೂ ಗೊತ್ತಿಲ್ಲ.”

ಮೇಡಂಗೇ ಗೊತ್ತಿಲ್ವಾ! ಅಪ್ಪ ತಲೆ ತಗ್ಗಿಸಿ ನಿಂತೇ ಇದ್ದ.

“ಮೇಡಂ... ನಾನೇ ಕಿತ್ತಿದ್ದು.”

ಮೇಡಂ ಅವರ ಜೊತೆಗೇ ಮನೆಗೆ ಬಂದರು. ಅಜ್ಜಿ ಚಿಕ್ಕಲಕ್ಷ್ಮಮ್ಮ ಮಡಕೆ ತಂದಿಟ್ಟಳು. “ನಿಮ್ದು ಯಾವ್ದೋ ಆರಿಸ್ಕಳಿ ಕಣವ್ವಾ.”

ಆರಿಸುವುದು ಹೇಗೆ? ಎಲ್ಲ ಕಾಳೂ ಒಂದೇ ಥರ.

“ಪೂರ್ತಿ ಸುಡ್ಬೇಕಜ್ಜಿ,” ಎಂದರು ಮೇಡಂ. “ಇದ್ರಲ್ಲಿ ಬೇರೆ ಯಾರಿಗಾದ್ರೂ ಕೊಟ್ಟಿದ್ದೀರಾ?”

ಅಜ್ಜಿ ಅಲ್ಲೇ ಕುಳಿತುಬಿಟ್ಟಳು. “ನಿನ್ನೆ ಪಾರ್ವತಮ್ಮಂಗೆ ಒಂದ್ ಬೊಗಸೆ ಕೊಟ್ನಲ್ಲಾ! ಬೀಜ ಕೇಳ್ದೋರಿಗೆ ಇಲ್ಲ ಅಂದೋಳಲ್ಲ ನಾನು. ಕೊಟ್ಟಿದ್ದ ವಾಪಸ್ ಇಸ್ಕಂಡೋಳೂ ಅಲ್ಲ.”

ಅಜ್ಜಿ ಮೊಮ್ಮಗಳು ಹಿಂದಿನ ಬೀದಿಯ ಪಾರ್ವತಮ್ಮನ ಮನೆಗೆ ಹೊರಟರು. ಪಾರ್ವತಮ್ಮ ಆಗಲೇ ಬಿತ್ತಿಬಿಟ್ಟಿದ್ದರೆ? ಒಗ್ಗರಣೆಗೆ ಹಾಕಿ ಮಕ್ಕಳಿಗೆ ಬಡಿಸಿದ್ದರೆ? ಹೆದರಿಕೆಗೆ ರೂಪಶ್ರೀ ಅಜ್ಜಿಯ ಕೈ ಹಿಡಿದಳು. ಅಜ್ಜಿ ಹೆಜ್ಜೆ ಹೆಜ್ಜೆಗೂ ನಿಧಾನವಾಗುತ್ತಿದ್ದಳು. ಕೋಲು ಹಿಡಿದು ಹಾವನ್ನೇ ಓಡಿಸಿದ್ದ ಅಜ್ಜಿ!

“ಬಾ ಅತ್ತೆ, ಒಳೀಕ್ ಬಾ,” ಎಂದಳು ಪಾರ್ವತಮ್ಮ ನಗುತ್ತಾ. “ನೀ ಕೊಟ್ಟ ಸಾಸಿವೆ ಅಂಗೇ ಮಡಗಿವ್ನಿ. ನಾಳಿಕೆ ರಾಗಿ ಜೊತೆ ಬಿತ್ತಾದೇಯ.”

ಸದ್ಯ! ಆದರೆ ಅಜ್ಜಿ ಒಳಗೆ ಹೋಗಲಿಲ್ಲ. ಹೊಸಿಲನ್ನೇ ನೋಡುತ್ತಾ ನಿಂತಳು. ಕೊಟ್ಟಿದ್ದು ವಾಪಸ್ ಕೊಡು ಎಂಬ ಮಾತು ಅಜ್ಜಿಯ ಬಾಯಿಂದ ಎಂದಿಗೂ ಬರುವುದಿಲ್ಲ ಎಂದು ರೂಪಶ್ರೀಗೆ ಅರ್ಥವಾಯಿತು.

ಅವಳು ಅಜ್ಜಿಯ ಕೈ ಬಿಟ್ಟು ಮುಂದೆ ಬಂದಳು.

“ದೊಡ್ಡವ್ವಾ, ಆ ಬೀಜ ವಾಪಸ್ ಕೊಡಿ. ಅಜ್ಜಿ ಕೇಳ್ತಿಲ್ಲ, ನಾನ್ ಕೇಳ್ತಿದ್ದೀನಿ,” ಎಂದು ಲಂಗದ ಮಡಿಲೊಡ್ಡಿದಳು.