ಪಾರ್ಕಿನ ರೇಡಿಯೋಗೆ ಬಿದ್ದ ಕಲ್ಲು

1974ರ ಏಪ್ರಿಲ್ ಹನ್ನೊಂದು, ಬೆಳಗ್ಗೆ. ಪಾರ್ಕಿನ ಕಾವಲುಗಾರ ಮುನಿರಾಮಯ್ಯ ಹಣೆಗೆ ಪಟ್ಟಿ ಕಟ್ಟಿಕೊಂಡು ರಾಜಾಜಿನಗರ ಠಾಣೆಗೆ ಬಂದ. ದಿನಾ ಸಂಜೆ ಪಾರ್ಕಿಗೆ ಬಂದವರಿಗೆ ರೇಡಿಯೋದಲ್ಲಿ ವಾರ್ತೆ, ಆಮೇಲೆ ಚಿತ್ರಗೀತೆ ಕೇಳಿಸುವುದು ಅವನ ಕೆಲಸ. ಹಿಂದಿನ ಸಂಜೆ ಯಾರೋ ರೇಡಿಯೋ ಕೋಣೆಯ ಕಿಟಕಿಗೆ ಕಲ್ಲು ಬೀಸಿದ್ದರು. ರೇಡಿಯೋ ಒಡೆದಿತ್ತು, ಗಾಜು ಸಿಡಿದು ಅವನ ಹಣೆ ಸೀಳಿತ್ತು.

ಇನ್ಸ್‌ಪೆಕ್ಟರ್ ಪಂಚಾಕ್ಷರಿ ಎಫ್‌ಐಆರ್ ಬರೆಸಿದ, ಪಾರ್ಕಿಗೆ ಹೋಗಿ ಪಂಚನಾಮೆ ಮುಗಿಸಿದ. ವಾರ್ತೆ ನಿಲ್ಲಿಸಿ ಹಾಡು ಹಾಕೆಂದು ದಿನಾ ಕೂಗಾಡುತ್ತಿದ್ದ ನಾಣಿಯನ್ನು ಹಿಡಿದು ತರಿಸಿದ.

“ನೀನೇ ತಾನೇ ಕಲ್ಲು ಹೊಡೆದಿದ್ದು?”

“ಹಾಡಿಗೋಸ್ಕರ ಜಾಗ ಹಿಡ್ಕೊಂಡು ಕೂತೋನು ರೇಡಿಯೋನೇ ಒಡೀತೀನಾ ಸಾರ್? ನನಗೇನ್ ಹುಚ್ಚಾ?”

ಮಾತು ಸರಿಯಾಗಿತ್ತು. ಅದಕ್ಕೇ ಪಂಚಾಕ್ಷರಿಗೆ ಇನ್ನೂ ರೇಗಿತು. ಮುನಿರಾಮಯ್ಯನ ಕಡೆ ತಿರುಗಿದ.

“ಕಲ್ಲು ಬಿದ್ದಾಗ ಏನಯ್ಯಾ ಬರ್ತಿತ್ತು?”

“ವಾರ್ತೆ ಸಾರ್. ಬಾಂಗ್ಲಾ ಯುದ್ಧದ ಸುದ್ದಿ. ಕೊಲೆ, ಅತ್ಯಾಚಾರದ ಆರೋಪ ಇತ್ತಲ್ಲ, ಸೋತು ಸೆರೆಸಿಕ್ಕ ನೂರಾ ತೊಂಬತ್ತೈದು ಜನ ಮಿಲಿಟ್ರಿಯೋರು? ಅವರನ್ನ ಢಾಕಾದ ನ್ಯಾಯಮಂಡಳಿ ಮುಂದೆ ನಿಲ್ಲಿಸಲ್ವಂತೆ. ಹಾಗೇ ಊರಿಗೆ ಕಳಿಸ್ತಾರಂತೆ.”

ಢಾಕಾ ಎಲ್ಲಿ, ಈ ಪಾರ್ಕು ಎಲ್ಲಿ? ಪಂಚಾಕ್ಷರಿಗೆ ತಲೆಬುಡ ತಿಳಿಯಲಿಲ್ಲ.

“ಬರೀ ವಾರ್ತೆ ಕೇಳೋಕೆ ಯಾರು ಬರ್ತಾರೆ?”

“ನರ್ಸ್ ಗಿರಿಜಾದೇವಿ ಒಬ್ರೇ. ಹಾಡು ಶುರುವಾದ್ರೆ ಎದ್ದು ಹೋಗ್ತಾರೆ. ಅಯ್ಯೋ, ಅವರಲ್ಲ ಬಿಡಿ ಸಾರ್! ಈ ಪಟ್ಟಿ ಕಟ್ಟಿದ್ದೇ ಅವರು. ಕೈ ಗಡಗಡ ನಡುಗ್ತಿತ್ತು, ಪಾಪ.”

“ರಕ್ತ ನೋಡಿದ್ರೆ ನರ್ಸಿಗೆ ಕೈ ನಡುಗುತ್ತೇನಯ್ಯಾ?”

ಮುನಿರಾಮಯ್ಯ ಹಣೆಯ ಪಟ್ಟಿ ಮುಟ್ಟಿ ನೋಡಿಕೊಂಡ.

ಮಧ್ಯಾಹ್ನ ಪಂಚಾಕ್ಷರಿ ಮಹಿಳಾ ಪೇದೆ ನೀಲಮ್ಮನ ಜೊತೆ ಗಿರಿಜಾದೇವಿಯ ಮನೆಗೆ ಹೋದ. ದಾವಣಗೆರೆ ಕಡೆಯ ಹೆಂಗಸು, ವಿಭೂತಿ ಇಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು.

“ಕಲ್ಲು ನೀವೇನಾ?”

“ಹೌದ್ರಿ. ಮುನಿರಾಮಣ್ಣ ಕಿಟಕಿ ಹತ್ರ ಇದ್ದಿದ್ದು ಕಾಣಲಿಲ್ಲ.”

“ಯಾಕಮ್ಮ?”

“ಯುದ್ಧದಾಗ ಬಂಗಾಳದ ಗಡಿಯ ನಿರಾಶ್ರಿತರ ಶಿಬಿರದಾಗ ಇದ್ದೆ. ಒಂದು ಹುಡುಗಿ ಬಾಯೇ ಬಿಡ್ತಿರಲಿಲ್ಲ. ಹೇಳವ್ವ, ಕೋರ್ಟು ನಡೀತೈತಿ, ನಾನು ನಿನ್ನ ಪಕ್ಕ ನಿಂತು ಸಾಕ್ಷಿ ಹೇಳ್ತೀನಿ ಅಂದೆ. ಕೆಡಿಸಿದವರ ಹೆಸರು ಹೇಳಿದ್ಲು. ಆಕಿ ಅಪ್ಪನೂ ಕೇಳಿಸ್ಕೊಂಡ, ಮಗಳನ್ನ ಅಲ್ಲೇ ಬಿಟ್ಟು ಹೋದ. ಕೋರ್ಟು ಯಾವಾಗ ಕರೀತೈತಿ ಅಂತ ದಿನಾ ಆ ರೇಡಿಯೋ ಮುಂದ ಕೂತಿದ್ದೆ.”

ಬೈಯಬೇಕೆಂದುಕೊಂಡಿದ್ದ ಪಂಚಾಕ್ಷರಿಗೆ ಯಾರನ್ನು ಬೈಯಬೇಕೋ ತೋಚಲಿಲ್ಲ. “ಸರ್ಕಾರದ ಸ್ವತ್ತು, ಮೇಲೆ ಗಾಯ ಬೇರೆ. ನಾನು ಬಿಡೋ ಹಾಗಿಲ್ಲ. ಕೋರ್ಟಿಗೆ ಹಾಜರುಪಡಿಸ್ತೀನಿ.”

ಗಿರಿಜಾದೇವಿ ತಲೆಯೆತ್ತಿದಳು. “ಅಲ್ಲಿ ಯಾಕೆ ಮಾಡಿದಿ ಅಂತ ಕೇಳ್ತಾರೇನ್ರಿ?”

“ಕೇಳ್ತಾರೆ.”

“ಹೇಳಿದ್ದು ಬರ್ಕೋತಾರ?”

“ಬರ್ಕೋತಾರೆ.”

ಅವಳು ಎದ್ದು ಚಪ್ಪಲಿ ಮೆಟ್ಟಿದಳು. “ಹಂಗಾರ ನಡೀರಿ.”