ನಾಲ್ಕನೇ ತಳಿಗೆ ಬಿಟ್ಟ ನೀರು

ಮೊದಲ ದಿನವೇ ಅವಳು ನನ್ನನ್ನು ಬೈದಳು.

"ಸ್ವಲ್ಪ ಪಕ್ಕಕ್ಕೆ ಬರ್ತೀರಾ? ನನ್ನ ಆರು ವರ್ಷದ ಕೆಲಸದ ಮೇಲೆ ನಿಂತಿದ್ದೀರ."

ನನ್ನ ಬೂಟಿನಡಿ ಬೆರಳುದ್ದದ ಸಕ್ಕರೆ ಬೀಟ್ ಸಸಿ ಅಪ್ಪಚ್ಚಿಯಾಗಿತ್ತು. ಈ ಹೊಲದ ಮೇಲ್ವಿಚಾರಕ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ಒಣಹವೆಯಲ್ಲಿ ಯಾವ ಬೀಟ್ ಹೆಚ್ಚು ಸಿಹಿ ಕೊಡುತ್ತದೆ ಎಂದು ನೋಡುವ ಪರೀಕ್ಷೆ ಅದು. ಐದು ತಳಿ, ತಳಿಗೆ ಮೂರು ಮಡಿ. ಬೇರು ಕಚ್ಚಿದ ಮೇಲೆ ಯಾವುದಕ್ಕೂ ಹನಿ ನೀರಿಲ್ಲ. ನಾಲ್ಕನೆಯದು ಅವಳೇ ರೂಪಿಸಿದ ತಳಿ. ಗೆದ್ದರೆ ಬೀಜ ರೈತರ ಕೈಗೆ, ಸೋತರೆ ಕಪಾಟಿಗೆ.

ಸಂಜೆ ಸಾಲುಗಳ ನಡುವೆ ನಡೆಯುವಾಗ ಅವಳು ಬಗ್ಗಿ, ಟೋಪಿಯ ಅಂಚಿನಡಿಯಿಂದ ನನ್ನನ್ನು ನೋಡುತ್ತಿದ್ದಳು. ನಾನು ತಿರುಗಿದರೆ ಎಲೆ ಎಣಿಸುತ್ತಿದ್ದಳು.

"ಎಷ್ಟಾಯ್ತು?"

"ನೀವು ನೋಡಿದ್ರಿ, ಲೆಕ್ಕ ತಪ್ಪಿತು. ಮೊದಲಿಂದ ಎಣಿಸ್ತೀನಿ, ಇಲ್ಲೇ ನಿಂತಿರಿ."

ನಿಂತಿರುತ್ತಿದ್ದೆ. ಒಂದೇ ಗಿಡಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು.

"ಇಡೀ ದಿನ ಗಿಡದ ಹತ್ರ ಮಾತಾಡ್ತೀಯ, ಅವಳಿಗೆ ಒಂದು ಮಾತು ಹೇಳೋಕೆ ಏನೋ ರೋಗ?" ಎಂದು ಮನೆಯಲ್ಲಿ ನನ್ನ ಅಕ್ಕ ಕೇಳಿದಳು. ಕಟಾವು ಮುಗಿಯಲಿ ಎಂದೆ.

ಕಟಾವಿಗೆ ಹತ್ತು ದಿನವಿರುವಾಗ ನಾಲ್ಕನೇ ತಳಿಯ ಎಲೆಗಳು ಬಾಡಿ ನೆಲ ಹಿಡಿದವು. ಅವಳು ಮಡಿಯ ಅಂಚಿನಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ಮರುದಿನ ಮೀಟಿಂಗಿಗೆಂದು ಹೋದವಳು ಬರುವುದು ಮೂರು ದಿನಕ್ಕೆ. ಅಷ್ಟರಲ್ಲಿ ನಾನು ಅವಳ ಮೂರೂ ಮಡಿಗೆ ಪೈಪು ಬಿಟ್ಟೆ.

"ನೋಡಿದ್ರಾ, ತಾನಾಗೇ ಎದ್ದು ನಿಂತಿದೆ," ಎಂದು ತಿರುಗಿ ಬಂದವಳು ನಕ್ಕಳು. ಆ ನಗು ಕೆಡಿಸಲು ಮನಸ್ಸಾಗದೆ ಸುಮ್ಮನಿದ್ದೆ. ಇವತ್ತಿಗೂ ನನ್ನನ್ನು ಸುಡುವುದು ಆ ಸುಮ್ಮನಿದ್ದದ್ದೇ.

ಕಟಾವಾಯಿತು. ಅವಳ ಗಡ್ಡೆಗಳೇ ಎಲ್ಲಕ್ಕಿಂತ ದಪ್ಪ. ಪ್ರಯೋಗಾಲಯದಲ್ಲಿ ರಸದ ಹನಿಯನ್ನು ಸಿಹಿ ಅಳೆಯುವ ಗಾಜಿನ ಮೇಲೆ ಬಿಟ್ಟು, ಒಂದು ಕಣ್ಣು ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಒರೆಸಿ ಮತ್ತೆ ನೋಡಿದಳು.

"ಸಿಹಿ ನೂರಕ್ಕೆ ಹನ್ನೊಂದು. ಹದಿನೇಳು ಬರ್ಬೇಕಿತ್ತು."

ನೀರು ಕುಡಿದ ಗಡ್ಡೆ ಉಬ್ಬಿತ್ತು, ಸಿಹಿ ತೆಳುವಾಗಿತ್ತು. ಹತ್ತು ವರ್ಷ ಹೊಲದಲ್ಲಿದ್ದವನಿಗೆ ಇದು ಗೊತ್ತಿರಬೇಕಿತ್ತು. ಬುದ್ಧಿಗೆ ಮಂಕು ಕವಿದಿತ್ತು.

"ನಾನು ನೀರು ಬಿಟ್ಟೆ, ನೀವಿಲ್ದಾಗ," ಎಂದೆ. "ನಿಮ್ಮ ಮುಖ ನೋಡೋಕಾಗ್ಲಿಲ್ಲ. ನನಗೆ ನೀವಂದ್ರೆ ಪ್ರಾಣ."

ಅವಳು ಗಾಜನ್ನು ನಿಧಾನವಾಗಿ ಕೆಳಗಿಟ್ಟಳು.

"ಅದು ಸಾಯ್ತಿರ್ಲಿಲ್ಲ. ಬಿಸಿಲಿಗೆ ಎಲೆ ಮಲಗಿಸಿ, ಒಳಗೆ ಸಿಹಿ ಉಳಿಸ್ಕೊಳ್ತಿತ್ತು. ಅದಕ್ಕೇ ನಾನು ಅದನ್ನ ಬೆಳೆಸಿದ್ದು."

ವರದಿಯಲ್ಲಿ 'ನಾಲ್ಕನೇ ತಳಿಗೆ ನೀರು ತಗುಲಿದೆ, ಅನರ್ಹ' ಎಂದು ಬರೆದಳು. ಯಾರು ಬಿಟ್ಟರೆಂದು ಬರೆಯಲಿಲ್ಲ. ಅದರ ಪರೀಕ್ಷೆ ಮುಂದಿನ ವರ್ಷ ಬೇರೆ ಹೊಲದಲ್ಲಿ, ಮೊದಲಿಂದ.

"ನಾನೂ ಬರ್ತೀನಿ."

"ಬೇಡಿ," ಎಂದಳು. ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟಿರಲಿಲ್ಲ. "ಮತ್ತೆ ಬಾಡುತ್ತೆ. ನೀವು ಪಕ್ಕದಲ್ಲಿದ್ರೆ ನನಗೆ ಗಿಡ ನೋಡೋದೋ, ನಿಮ್ಮನ್ನ ಕಾಯೋದೋ?"

ಬೀಜದ ಪೆಟ್ಟಿಗೆಯನ್ನು ಅವಳ ವ್ಯಾನಿಗೆ ನಾನೇ ಏರಿಸಿದೆ. ಬಾಗಿಲು ಹಾಕುವ ಮುಂಚೆ ಅವಳು ನನ್ನ ಕೈ ಹಿಡಿದಳು.

"ಪೈಪು ಬಿಡೋ ಬದಲು ಆ ಮಾತು ಹೇಳಿದ್ದಿದ್ರೆ, ಹೂಂ ಅಂತಿದ್ದೆ."