ಅಜ್ಜಿಯ ಎಡೆಗೆ ಸೀಕು

"ಅಯ್ಯೋ ರಾಮ! ಸೀಕನ್ನ ಯಾರೇ ತಂದು ಇಟ್ಟಿದ್ದು ಇಲ್ಲಿ?"

ಮಂಗಳತ್ತೆ ಕೂಗಿದ ಕೂಗಿಗೆ ಊದುಬತ್ತಿ ಆರದೆ ಉಳಿದದ್ದೇ ಹೆಚ್ಚು. ಬಾಳೆಲೆಯ ಮೇಲಿದ್ದ ರಾಗಿ ಸೀಕನ್ನು ಅವಳು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು, ಸತ್ತ ಜಿರಲೆ ಹಿಡಿದ ಹಾಗೆ.

"ನಾನು ಕಣತ್ತೆ," ಎಂದಳು ಚಾಮು. "ಅಜ್ಜಿಗೆ ಇಷ್ಟ ಅಂತ."

"ಇಷ್ಟವಂತೆ ಇಷ್ಟ! ಮುದ್ದೆ ಪಾತ್ರೆ ತಳ ಕೆರೆದು ತಂದು ಹಿರೀಕರ ಎಡೆಗೆ ಇಡ್ತಾರಾ ಯಾರಾದ್ರೂ? ನೋಡಿದೋರು ಏನಂದಾರು?"

ಅವತ್ತು ಮಾರ್ನಮಿ ಅಮಾವಾಸ್ಯೆ. ಒಂಟಿಕೊಪ್ಪಲಿನ ಆ ಬೀದಿಯಲ್ಲಿ ತೀರಿಕೊಂಡ ಹಿರಿಯರಿಗೆ ಮನೆಮನೆಯಲ್ಲೂ ಎಡೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಎಲೆಯಲ್ಲಿ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದುಬಿಡಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ. ಚಾಮುವಿನ ಅಜ್ಜಿ ದೇವೀರಮ್ಮ ಹೋದ ವರ್ಷ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ವರ್ಷ ತುಂಬಿದ ಮೇಲೆ ಇಡುತ್ತಿರುವ ಅವಳ ಮೊದಲನೇ ಎಡೆ ಇದು.

ಆದರೆ ಎಲೆಯಲ್ಲಿ ಜಾಗವೆಲ್ಲಿತ್ತು? ಬೆಳಗ್ಗೆಯಿಂದ ಇಡೀ ಬೀದಿಯೇ ಬಂದಿತ್ತು. ಮೂಲೆಮನೆಯ ಸುಂದರಮ್ಮನವರು ಗಸಗಸೆ ಪಾಯಸ ತಂದರು. "ನಿಮ್ಮಜ್ಜಿಗೆ ನಮ್ಮನೆ ಪಾಯಸ ಅಂದ್ರೆ ಪ್ರಾಣ ಕಣೇ," ಎಂದು ಕಣ್ಣೊರೆಸಿಕೊಂಡರು. ಜಟಕಾ ಹುಚ್ಚಣ್ಣ ರಸಬಾಳೆ ತಂದ. "ಅವ್ವಂಗೆ ಇದು ಬುಟ್ರೆ ಬ್ಯಾರೆ ಹಣ್ಣೇ ಬ್ಯಾಡ," ಎಂದ. ಅಜ್ಜಿಯ ಇಷ್ಟ ಒಬ್ಬೊಬ್ಬರಿಗೂ ಒಂದೊಂದು ಗೊತ್ತಿತ್ತು.

ಗೊತ್ತಿರದೆ ಏನು! ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳನ್ನು ಕಟ್ಟಿಕೊಂಡು ಹಳ್ಳಿಯಿಂದ ಮೈಸೂರಿಗೆ ಬಂದವಳು ಅಜ್ಜಿ. ಹಪ್ಪಳ ಒತ್ತಿ, ರವಿಕೆ ಹೊಲಿದು ಎಲ್ಲರನ್ನೂ ಓದಿಸಿದಳು. ಆಮೇಲಾದರೂ ಸುಮ್ಮನೆ ಕೂತಳೇ? ಬೆಳಗಾದರೆ ಮಹಿಳಾ ಸಮಾಜದ ಅಂಗಳದಲ್ಲಿ ಹಂಡೆ ತುಂಬ ಹಾಲಿನ ಪುಡಿ ಕಲಸಿ ಬೀದಿಯ ಮಕ್ಕಳಿಗೆಲ್ಲ ಹಂಚುವಳು. ಮಧ್ಯಾಹ್ನ ದೊಡ್ಡಾಸ್ಪತ್ರೆಗೆ ಹೋಗಿ, ಹೇಳೋರು ಕೇಳೋರು ಇಲ್ಲದ ರೋಗಿಗಳಿಗೆ ಸಾರನ್ನ ಉಣ್ಣಿಸುವಳು. ಸಂಜೆ ಯಾರ ಮನೆಯಲ್ಲೋ ಬಾಣಂತಿ, ಯಾರ ಮನೆಯಲ್ಲೋ ಜ್ವರ.

ಗೋಡೆಗೆ ಒರಗಿಸಿದ್ದ ಫೋಟೋದಲ್ಲೂ ಅವಳು ಒಬ್ಬಳೇ ಇರಲಿಲ್ಲ. ಸ್ವಾತಂತ್ರ್ಯ ಬಂದ ದಿನ ಸಮಾಜದವರೆಲ್ಲ ಸೇರಿ ತೆಗೆಸಿಕೊಂಡ ಗ್ರೂಪ್ ಫೋಟೋ ಅದು. ಅಜ್ಜಿಯನ್ನು ಮಾತ್ರ ಕತ್ತರಿಸಿ ಫ್ರೇಮ್ ಹಾಕಿಸಿದ್ದರು. ಆದರೂ ಯಾರದೋ ಒಂದು ಕೈ ಅವಳ ಹೆಗಲ ಮೇಲೆ ಉಳಿದುಬಿಟ್ಟಿತ್ತು.

ಬಂದವರೆಲ್ಲ "ನಮ್ಮವ್ವ, ನಮ್ಮವ್ವ" ಅನ್ನುವಾಗ ಚಾಮು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಊರಿಗೆಲ್ಲ ಅವ್ವ ಆಗಿಬಿಟ್ಟರೆ ನನಗೆ ಏನು ಉಳಿಯಿತು?

ಉಳಿದದ್ದು ಸೀಕು. ದಿನಾ ಎಲ್ಲರ ಊಟ ಮುಗಿದ ಮೇಲೆ ಅಜ್ಜಿ ಮುದ್ದೆ ಪಾತ್ರೆಯನ್ನು ಬೋರಲು ಹಾಕಿ ತಟ್ಟುತ್ತಿದ್ದಳು. ತಳ ಹಿಡಿದ ರಾಗಿ ಗರಿಗರಿಯಾಗಿ ಎದ್ದು ಬರುತ್ತಿತ್ತು. "ಬಾರೇ ಚಾಮಿ, ನಂಗೂ ನಿಂಗೂ ಇದೇ ಪಲಾರ," ಎಂದು ಎರಡು ಚೂರು ಮಾಡುತ್ತಿದ್ದಳು. ಹಿತ್ತಲ ಮೆಟ್ಟಿಲ ಮೇಲೆ ಇಬ್ಬರೇ. ಸುಂದರಮ್ಮನವರೂ ಇಲ್ಲ, ಹುಚ್ಚಣ್ಣನೂ ಇಲ್ಲ.

"ಇರ್ಲಿ ಬುಡು ಮಂಗಳ, ಮಗು ಆಸೆಯಿಂದ ಇಟ್ಟದೆ," ಎಂದು ಅಪ್ಪ ಸೀಕನ್ನು ಈಸಿಕೊಂಡು ಎಲೆಯ ಮೂಲೆಗೆ ಇಟ್ಟ. ಪಕ್ಕದಲ್ಲೇ ಅಜ್ಜಿ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದ ಪುಟ್ಟ ಕುಟ್ಟಾಣಿ ಇತ್ತು. ಧೂಪ ಹಾಕಿದರು. ಬಾಗಿಲು ಮುಚ್ಚಿದರು.

ಜಗಲಿಯ ಮೇಲೆ ಕೆಂಚಮ್ಮ ಕೂತಿದ್ದಳು. ಸಮಾಜದಲ್ಲಿ ಅಜ್ಜಿಯ ಜೊತೆ ಹಂಡೆ ಎತ್ತಿದವಳು. "ಫೋಟದಾಗಿರೋ ಕೈ ನಂದೇಯ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಸೀಕಿನ ಸುದ್ದಿ ಕೇಳಿ ಬೊಚ್ಚು ಬಾಯಿಗೆ ಕೈ ಇಟ್ಟಳು.

"ಸೀಕಾ? ಸಮಾಜದಾಗೆ ಅಂಬಲಿ ಕಾಯ್ಸಿದಾಗೆಲ್ಲ ತಳ ಹಿಡೀತಿತ್ತು. ನಾನು ಕೊಡಕ್ಕೋದ್ರೆ, 'ಹೋಗೇ ಕೆಂಚಿ, ಹಲ್ಲಿಲ್ದೋಳ್ಗೆ ಸೀಕು ಕೊಡ್ತೀಯಲ್ಲ, ಒಸಡು ಕುಯ್ಕೊಳ್ಳಕಾ?' ಅಂತ ಬಯ್ಯೋಳು. ಒಂದಿನಾನೂ ಮುಟ್ಟಿದೋಳಲ್ಲ ಕಣವ್ವ!"

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದಳು ಮಂಗಳತ್ತೆ. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಆದರೂ ಚಾಮುವಿನ ಕಿವಿ ಬಿಸಿಯಾಯಿತು. ಎದ್ದು ಓಣಿ ಸುತ್ತಿ ಹಿತ್ತಲಿಗೆ ಹೋದಳು.

ಮೆಟ್ಟಿಲ ಮೇಲೆ ಕೂತಾಗ ಅಳು ಬಂತು. ಅಜ್ಜಿ ತನಗೆ ಸುಳ್ಳು ಹೇಳಿದಳೇ? ಇದ್ದದ್ದು ಒಂದು ಚೂರು, ಅದೂ ಹೋಯಿತು.

ಅಳುತ್ತಳುತ್ತಲೇ ನೆನಪಾಯಿತು. ಈ ಮೆಟ್ಟಿಲ ಮೇಲೆ ಕಟುಂ ಕುಟುಂ ಅಂತ ಕೇಳುತ್ತಿದ್ದದ್ದು ಒಂದೇ ಬಾಯಿ. ತನ್ನದು. ಅಜ್ಜಿಯ ಚೂರು ಯಾವಾಗಲೂ ದವಡೆಯ ಪಕ್ಕ ಸುಮ್ಮನೆ ಕೂತಿರುತ್ತಿತ್ತು, ಇಲ್ಲವೇ ಕೈಯಲ್ಲೇ ಇರುತ್ತಿತ್ತು. ಚಾಮು ಸ್ಕೂಲಿನ ಜಗಳ, ಮಿಸ್ಸು ಬೈದದ್ದು, ಸ್ಲೇಟು ಒಡೆದದ್ದು ಎಲ್ಲ ಹೇಳುವಳು. ಅಜ್ಜಿ, "ಆಮೇಲೆ?" ಅನ್ನುವಳು. ಕತೆ ಮುಗಿದ ಮೇಲೆ, "ತಗೋ, ನಂಗೆ ಸಾಕಾಯ್ತು," ಎಂದು ಕೈಯಲ್ಲಿದ್ದದ್ದನ್ನೂ ಕೊಟ್ಟುಬಿಡುವಳು.

ಇಡೀ ದಿನ ಊರಿಗೆಲ್ಲ ಓಡಾಡಿದ ಅಜ್ಜಿ ಆ ಹೊತ್ತಿನಲ್ಲಿ ಮಾತ್ರ ಎಲ್ಲಿಗೂ ಏಳುತ್ತಿರಲಿಲ್ಲ.

ಹಿಂದಿನ ಬಾಗಿಲು ತೆರೆದುಕೊಂಡಿತು. ಅಪ್ಪ ಬಂದು, "ಎಡೇದು, ಪ್ರಸಾದ ಕಣವ್ವ," ಎಂದು ಸೀಕನ್ನು ಅವಳ ಕೈಗಿಟ್ಟು, ಒಂದು ಗಳಿಗೆ ನಿಂತು, ಒಳಗೆ ಹೋದ.

ಚಾಮು ಸೀಕನ್ನು ಎರಡು ಚೂರು ಮಾಡಿದಳು. ಒಂದನ್ನು ಪಕ್ಕದಲ್ಲಿ, ಅಜ್ಜಿ ಕೂರುತ್ತಿದ್ದ ಕಡೆ ಇಟ್ಟಳು. ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು. ಅಗಿಯಲಿಲ್ಲ. ದವಡೆಯ ಪಕ್ಕ ಇಟ್ಟುಕೊಂಡು ಕಾದಳು. ಅದು ಮೆತ್ತಗಾಗಲು ಬಹಳ ಹೊತ್ತು ಹಿಡಿಯಿತು.

"ಅಜ್ಜೀ," ಎಂದಳು ಮೆಲ್ಲಗೆ, "ನಿನ್ನೆ ಸ್ಕೂಲಲ್ಲಿ ಏನಾಯ್ತು ಗೊತ್ತಾ..."

ಹೇಳುತ್ತಾ ಹೇಳುತ್ತಾ ನಡುವೆ ಒಂದು ಕಡೆ ನಿಲ್ಲಿಸಿದಳು. "ಆಮೇಲೆ?" ಎಂದು ಯಾರೂ ಕೇಳಲಿಲ್ಲ.

ಆಮೇಲೆ ಏನಾಯಿತು ಅನ್ನುವುದನ್ನೂ ಚಾಮು ತಾನೇ ಹೇಳಿದಳು.